ಸದ್ದು ಎಲ್ಲಿ ನಿಂತಿತು?

ಅಭ್ಯಾಸ ಬೋಧನೆಯ ದಿನಗಳಲ್ಲಿ, ಸಂಜೆಯ ಹಿಮ್ಮಾಹಿತಿ ಸಭೆಯಲ್ಲಿ, ನಾನು ಮತ್ತೆ ಮತ್ತೆ ಕೇಳಿರುವ ಮಾತೊಂದಿದೆ: "ಸರ್, ಹಾಸ್ಟೆಲಿನಲ್ಲಿ ಚೆನ್ನಾಗಿ ಬಂದಿತ್ತು. ಕ್ಲಾಸಿನಲ್ಲಿ ಸೌಂಡೇ ಬರಲಿಲ್ಲ." ಈ ಮಾತಿನ ನಂತರ ನಡೆಯುವುದೂ ಬಹುಮಟ್ಟಿಗೆ ಒಂದೇ. ಆ ಪ್ರಶಿಕ್ಷಣಾರ್ಥಿ ಮುಂದಿನ ಪಾಠಕ್ಕೆ ಲ್ಯಾಪ್‌ಟಾಪ್ ತರುವುದಿಲ್ಲ. ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು ಹಿಡಿದು ರಾತ್ರಿಯೆಲ್ಲ ಕೂತು ಚಾರ್ಟ್ ಬರೆಯುತ್ತಾರೆ. ಚಾರ್ಟ್ ಕೈಕೊಡುವುದಿಲ್ಲ, ಅವಲೋಕನ ನಮೂನೆಯ 'ಬೋಧನೋಪಕರಣಗಳ ಬಳಕೆ' ಎಂಬ ಅಂಕಣದಲ್ಲಿ ಅಂಕವೂ ಬೀಳುತ್ತದೆ. ಆದರೆ ಶಬ್ದದ ಪಾಠಕ್ಕೆ ತಂದ ಚಾರ್ಟಿನಿಂದ ಶಬ್ದ ಬರುವುದಿಲ್ಲ.

ನಮ್ಮ ಕಾಲೇಜಿನ ವಿಜ್ಞಾನ ವಿಧಾನದ ಪ್ರಶಿಕ್ಷಣಾರ್ಥಿಗಳು ಒಂಬತ್ತನೆಯ ತರಗತಿಯ 'ಶಬ್ದ' ಘಟಕಕ್ಕೆ ಸೋನಿಕ್ ಪೈ ಎಂಬ ಸಂಗೀತ ಪ್ರೋಗ್ರಾಮಿಂಗ್ ತಂತ್ರಾಂಶವನ್ನು ಬಳಸುತ್ತಾರೆ. ಅದು ಕೆಲವೊಮ್ಮೆ ಶುರುವಿನಲ್ಲೇ ಮೌನವಾಗಿ ಕೂರುತ್ತದೆ. ಹಾಗೆ ಕೂತಾಗ ಏನು ಮಾಡಬೇಕು ಎಂಬುದು ಈ ಬರಹದ ಒಂದು ಭಾಗ. ಆ ಹುಡುಕಾಟವನ್ನು ಪಾಠದ ವೈಫಲ್ಯವೆಂದು ಎಣಿಸಬೇಕೆ, ಪಾಠದ ಭಾಗವೆಂದು ಎಣಿಸಬೇಕೆ ಎಂಬುದು ಇನ್ನೊಂದು ಭಾಗ. ಈ ಎರಡನೆಯ ಪ್ರಶ್ನೆಯ ಮೇಲೆ ನಾನು ಮತ್ತು ನನ್ನ ಸಹೋದ್ಯೋಗಿಯೊಬ್ಬರು ಒಂದು ಪಾಠದ ಅಂಕ ಹಾಕುವಾಗ ನೇರವಾಗಿ ಭಿನ್ನಾಭಿಪ್ರಾಯಕ್ಕೆ ಬಂದೆವು.

ಮೊದಲು ಸಲಕರಣೆಯ ಬಗ್ಗೆ. ಸೋನಿಕ್ ಪೈಯನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಸ್ಯಾಮ್ ಆರನ್ ಅವರು 2012ರಲ್ಲಿ, ರಾಸ್ಪ್‌ಬೆರಿ ಪೈ ಪ್ರತಿಷ್ಠಾನದ ಸಹಯೋಗದಲ್ಲಿ, ಶಾಲಾ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಶುರುಮಾಡಿದರು. ಉಚಿತವಾಗಿ ಸಿಗುತ್ತದೆ. 'ಪ್ಲೇ 60' ಎಂದು ಬರೆದು ರನ್ ಒತ್ತಿದರೆ ಒಂದು ಸ್ವರ ಕೇಳಿಸುತ್ತದೆ; ಅದರ ಆವೃತ್ತಿ ಸುಮಾರು 261.6 ಹರ್ಟ್ಸ್. 'ಪ್ಲೇ 72' ಎಂದರೆ ಅದರ ಮೇಲಿನ ಸ್ಥಾಯಿಯ ಅದೇ ಸ್ವರ, ಸುಮಾರು 523.3 ಹರ್ಟ್ಸ್. ಮೊದಲಿನದರ ಎರಡರಷ್ಟು. ಹಾರ್ಮೋನಿಯಂ ಮನೆಗಳನ್ನು ಎಣಿಸುವಂತೆ ಒಂದೊಂದು ಸಂಖ್ಯೆ ಏರಿದಾಗಲೂ ಒಂದೊಂದು ಮನೆ ಏರುತ್ತದೆ. 60ನ್ನು ಷಡ್ಜ ಎಂದುಕೊಂಡರೆ 60, 61, 64, 65, 67, 68, 71, 72 ಎಂದು ಬರೆದು, ನಡುನಡುವೆ 'ಸ್ಲೀಪ್ 0.5' ಸೇರಿಸಿದರೆ ಮಾಯಾಮಾಳವಗೌಳದ ಆರೋಹಣ ಬರುತ್ತದೆ. ಸರಳೆ ವರಸೆಗೆ ಈ ರಾಗವನ್ನು ಗೊತ್ತುಮಾಡಿದವರು ಪುರಂದರದಾಸರು ಎಂಬುದು ಸಂಪ್ರದಾಯ. ಸಂಗೀತ ಕಲಿಯುತ್ತಿರುವ ಒಂದಿಬ್ಬರು ಮಕ್ಕಳು ತರಗತಿಯಲ್ಲಿದ್ದರೆ ಮೂರನೆಯ ಸಂಖ್ಯೆಗೇ ಗುರುತು ಹಿಡಿದು ಜೊತೆಗೆ ಗುನುಗುತ್ತಾರೆ. ಆವೃತ್ತಿ ಹೆಚ್ಚಿದರೆ ಸ್ಥಾಯಿ ಏರುತ್ತದೆ ಎಂಬ ವಾಕ್ಯವನ್ನು ಅವರಿಗೆ ಆಮೇಲೆ ಬರೆಸಿದರೆ ಸಾಕು.

ಇಷ್ಟು ಸುಲಭವಾದ ಸಾಧನ ಶುರುವಾಗದಿರುವುದು ಏಕೆ? ಒಂದೇ ಕಿಟಕಿಯಾಗಿ ಕಾಣುವ ಈ ತಂತ್ರಾಂಶದ ಒಳಗೆ ಒಂದಕ್ಕಿಂತ ಹೆಚ್ಚು ಪ್ರೋಗ್ರಾಂಗಳು ಕೆಲಸ ಮಾಡುತ್ತವೆ. ನಾವು ಬರೆಯುವ ಸಾಲುಗಳನ್ನು ಓದಿ ಅರ್ಥಮಾಡಿಕೊಳ್ಳುವುದು ಒಂದು ಭಾಗ. ಅದು ರೂಬಿ ಎಂಬ ಭಾಷೆಯ ಮೇಲೆ ಕಟ್ಟಿದ್ದು. ನಿಜವಾಗಿ ಶಬ್ದ ತಯಾರಿಸುವುದು ಬೇರೆಯೇ ಒಂದು ಇಂಜಿನ್. ಆ ಇಂಜಿನ್ ಸೂಪರ್‌ಕೊಲೈಡರ್ ಎಂಬ ಇನ್ನೊಂದು ತಂತ್ರಾಂಶದ್ದು. ಅದನ್ನು ಜೇಮ್ಸ್ ಮೆಕಾರ್ಟ್ನಿ ಅವರು 1996ರಲ್ಲಿ ಹೊರತಂದರು, 2002ರಲ್ಲಿ ಮುಕ್ತ ತಂತ್ರಾಂಶವಾಗಿಸಿದರು. ಎರಡು ಭಾಗಗಳೂ ಒಂದೇ ಕಂಪ್ಯೂಟರಿನಲ್ಲಿದ್ದರೂ ಜಾಲದ ಮೂಲಕ ಸಂದೇಶ ಕಳಿಸುವ ರೀತಿಯಲ್ಲೇ ಮಾತಾಡಿಕೊಳ್ಳುತ್ತವೆ. ಇಂಜಿನ್ ಕಂಪ್ಯೂಟರಿನ ಶಬ್ದ ಸಾಧನವನ್ನು ಹಿಡಿಯಬೇಕು. ಸಾಧನ ಸ್ಪೀಕರಿಗೆ ಕೊಡಬೇಕು. ಅಂದರೆ ಬರೆದ ಸಾಲು, ಇಂಜಿನ್, ಶಬ್ದ ಸಾಧನ, ಸ್ಪೀಕರ್ ಎಂಬ ನಾಲ್ಕು ಕೈಗಳನ್ನು ದಾಟಿ ಸ್ವರ ಕಿವಿಗೆ ಬರುತ್ತದೆ. ಯಾವ ಕೈ ಬಿಟ್ಟರೂ ಹೊರಗೆ ಕೇಳಿಸುವುದು ಒಂದೇ, ಮೌನ. ಮೌನವನ್ನು ನೋಡಿ ಯಾವ ಕೈ ಬಿಟ್ಟಿತು ಎಂದು ಹೇಳಲಾಗುವುದಿಲ್ಲ.

ಹಾಗಾಗಿ ನಾನು ಪ್ರಶಿಕ್ಷಣಾರ್ಥಿಗಳಿಗೆ ಕೊಡುವ ಮೊದಲ ಸೂಚನೆ, "ಸೌಂಡ್ ಯಾಕೆ ಬರ್ತಿಲ್ಲ?" ಎಂದು ಕೇಳಬೇಡಿ, "ಸೌಂಡ್ ಎಲ್ಲಿ ನಿಂತಿದೆ?" ಎಂದು ಕೇಳಿ ಎಂಬುದು. 'ಯಾಕೆ' ಎಂಬ ಪ್ರಶ್ನೆಗೆ ನೂರು ಉತ್ತರಗಳಿವೆ. ಗಾಬರಿಯಲ್ಲಿದ್ದವರು ಅವುಗಳಲ್ಲಿ ಮೊದಲು ಹೊಳೆದದ್ದನ್ನು ಹಿಡಿದು ಏನಾದರೊಂದನ್ನು ಒತ್ತುತ್ತಾರೆ. 'ಎಲ್ಲಿ' ಎಂಬ ಪ್ರಶ್ನೆಗೆ ಇಲ್ಲಿ ನಾಲ್ಕೇ ಉತ್ತರ.

ನೋಡಲು ಬೇಕಾದ ಗುರುತುಗಳು ಸೋನಿಕ್ ಪೈ ಪರದೆಯ ಮೇಲೇ ಇವೆ. ರನ್ ಒತ್ತಿದಾಗ ಲಾಗ್ ಎಂಬ ಪಟ್ಟಿಯಲ್ಲಿ, ಯಾವ ಸ್ವರವನ್ನು ಯಾವ ವಾದ್ಯದಲ್ಲಿ ನುಡಿಸಲು ಹೇಳಿದೆ ಎಂಬ ಸಾಲು ಮೂಡುತ್ತದೆ. ಅದು ಮೂಡಿದರೆ ನಮ್ಮ ಬರಹವನ್ನು ಓದುವ ಭಾಗ ಸರಿಯಾಗಿದೆ. ಸ್ಕೋಪ್ ಎಂಬ ಕಿಟಕಿಯನ್ನು ತೆರೆದಿಟ್ಟರೆ ಶಬ್ದದ ತರಂಗ ಗೆರೆಯಾಗಿ ಕಾಣುತ್ತದೆ. ಸ್ವರ ನುಡಿಸಿದಾಗ ಆ ಗೆರೆ ಕುಣಿದರೆ ಇಂಜಿನ್ ಶಬ್ದ ತಯಾರಿಸುತ್ತಿದೆ ಎಂದರ್ಥ. ಗೆರೆ ಕುಣಿಯುತ್ತಿದೆ, ಕಿವಿಗೆ ಮಾತ್ರ ಏನೂ ಇಲ್ಲ ಎಂದರೆ ಅಡಚಣೆ ಇಂಜಿನ್ನಿನ ಆಚೆ ಇದೆ: ಧ್ವನಿ ಮ್ಯೂಟ್ ಆಗಿದೆ, ಸ್ಪೀಕರಿನ ತಂತಿ ಕಳಚಿದೆ, ಅಥವಾ ಸದ್ದು ಬೇರೆ ದಾರಿ ಹಿಡಿದಿದೆ. ಇನ್ನೊಂದು ತುದಿಯಿಂದ, ಸೋನಿಕ್ ಪೈಯನ್ನು ಬದಿಗಿಟ್ಟು ಕಂಪ್ಯೂಟರಿನಲ್ಲಿರುವ ಬೇರೆ ಯಾವುದಾದರೂ ಹಾಡನ್ನು ನುಡಿಸಿ ನೋಡಬಹುದು. ಅದು ಕೇಳಿಸಿದರೆ ಸಾಧನ ಮತ್ತು ಸ್ಪೀಕರ್ ಸರಿ. ಹೀಗೆ ಎರಡು ಮೂರು ಪರೀಕ್ಷೆಗಳಲ್ಲಿ, ಒಂದು ನಿಮಿಷದೊಳಗೆ, ನಾಲ್ಕು ಜಾಗಗಳು ಒಂದಕ್ಕೆ ಇಳಿಯುತ್ತವೆ.

ನಮ್ಮ ಅಭ್ಯಾಸ ಶಾಲೆಗಳಲ್ಲಿ ನಾನು ಕಂಡ ಅಡಚಣೆಗಳಲ್ಲಿ ಐದನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಇವೇ ಮರುಕಳಿಸುತ್ತವೆ.

ಮೊದಲನೆಯದು ಪ್ರೊಜೆಕ್ಟರಿನದು. ಎಚ್‌ಡಿಎಂಐ ತಂತಿ ಚಿತ್ರವನ್ನೂ ಶಬ್ದವನ್ನೂ ಒಟ್ಟಿಗೆ ಒಯ್ಯುತ್ತದೆ. ಅದನ್ನು ಸಿಕ್ಕಿಸಿದ ಕೂಡಲೆ ಎಷ್ಟೋ ಕಂಪ್ಯೂಟರುಗಳು ಸದ್ದನ್ನೂ ಆ ಕಡೆಗೇ ತಿರುಗಿಸಿಬಿಡುತ್ತವೆ. ಪ್ರೊಜೆಕ್ಟರಿನಲ್ಲಿ ಸ್ಪೀಕರ್ ಇಲ್ಲದಿದ್ದರೆ ಸದ್ದು ಅಲ್ಲಿಗೆ ಹೋಗಿ ಮುಗಿಯುತ್ತದೆ. ಶಬ್ದ ಎಲ್ಲಿಗೆ ಹೋಗಬೇಕು ಎಂಬುದನ್ನು ಸೆಟ್ಟಿಂಗಿನಲ್ಲಿ ಲ್ಯಾಪ್‌ಟಾಪಿನ ಸ್ಪೀಕರಿಗೆ ಬದಲಿಸಬೇಕು.

ಎರಡನೆಯದು ಇದಕ್ಕೆ ಅಂಟಿಕೊಂಡದ್ದು. ಸೂಪರ್‌ಕೊಲೈಡರ್ ಇಂಜಿನ್ ತಾನು ಏಳುವ ಕ್ಷಣದಲ್ಲಿ ಯಾವ ಸಾಧನ ಇದೆಯೋ ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಸ್ಪೀಕರ್ ಬದಲಿಸಿದರೆ ಅದು ಹಳೆಯದನ್ನೇ ಹಿಡಿದಿರಬಹುದು. ಆದ್ದರಿಂದ ಪ್ರೊಜೆಕ್ಟರ್, ಸ್ಪೀಕರ್ ಎಲ್ಲವನ್ನೂ ಮೊದಲು ಜೋಡಿಸಿ, ಸೋನಿಕ್ ಪೈಯನ್ನು ಕಡೆಯಲ್ಲಿ ತೆರೆಯಬೇಕು. ತೆರೆದ ಮೇಲೆ ಏನನ್ನಾದರೂ ಬದಲಿಸಿದರೆ ಮುಚ್ಚಿ ತೆರೆಯಬೇಕು.

ಮೂರನೆಯದು ಹಿಂದೆ ಉಳಿದ ಇಂಜಿನ್. ತಂತ್ರಾಂಶ ಅರ್ಧದಲ್ಲಿ ಸಿಕ್ಕಿಬಿದ್ದು ಮುಚ್ಚಿಹೋದಾಗ ಕಿಟಕಿ ಕಾಣೆಯಾದರೂ ಇಂಜಿನ್ ಮರೆಯಲ್ಲಿ ಓಡುತ್ತಲೇ ಇರಬಹುದು. ಅದು ಸಂದೇಶ ಪಡೆಯುವ ಬಾಗಿಲನ್ನು ಹಿಡಿದುಕೊಂಡಿದ್ದರೆ ಹೊಸ ಇಂಜಿನ್‌ಗೆ ಆ ಬಾಗಿಲು ಸಿಗುವುದಿಲ್ಲ. ಸೂಪರ್‌ಕೊಲೈಡರಿನಲ್ಲಿ ಈ ಬಾಗಿಲಿನ ಸಂಖ್ಯೆ ಸಾಮಾನ್ಯವಾಗಿ 57110. ಟಾಸ್ಕ್ ಮ್ಯಾನೇಜರ್ ತೆರೆದು ಹಳೆಯದನ್ನು ಮುಗಿಸಬೇಕು; ಕಂಪ್ಯೂಟರನ್ನೇ ಮತ್ತೆ ಶುರುಮಾಡಿದರೂ ಅದು ಹೋಗುತ್ತದೆ.

ನಾಲ್ಕನೆಯದು ಉಬುಂಟು ಇರುವ ಶಾಲಾ ಪ್ರಯೋಗಾಲಯಗಳಲ್ಲಿ ಕಾಣುವುದು. ಅಲ್ಲಿ ಇಂಜಿನ್ ಜ್ಯಾಕ್ ಎಂಬ ಮಧ್ಯವರ್ತಿಯ ಮೂಲಕ ಶಬ್ದ ಸಾಧನವನ್ನು ಕೇಳುತ್ತದೆ. ದಿನನಿತ್ಯದ ಹಾಡು, ವಿಡಿಯೊಗಳಿಗೆ ಬೇರೊಂದು ಮಧ್ಯವರ್ತಿ ಇರುತ್ತದೆ. ಹಳೆಯ ಉಬುಂಟುವಿನಲ್ಲಿ ಅದು ಪಲ್ಸ್‌ಆಡಿಯೊ. ಅದು ಸಾಧನವನ್ನು ಹಿಡಿದು ಕೂತಿದ್ದರೆ ಜ್ಯಾಕ್‌ಗೆ ಸಿಗುವುದು 'ಸಾಧನ ಬಿಡುವಿಲ್ಲ' ಎಂಬ ಉತ್ತರ. ಬ್ರೌಸರಿನಲ್ಲಿ ತೆರೆದಿಟ್ಟ ಪಾಠದ ವಿಡಿಯೊವನ್ನು ಮುಚ್ಚಿದರೆ ಕೆಲವೊಮ್ಮೆ ಅಷ್ಟಕ್ಕೇ ದಾರಿ ಬಿಡುತ್ತದೆ. 22.10ರಿಂದ ಈಚಿನ ಉಬುಂಟುವಿನಲ್ಲಿ ಪೈಪ್‌ವೈರ್ ಬಂದು ಎರಡೂ ಕಡೆಯವರಿಗೆ ಒಬ್ಬನೇ ಮಧ್ಯವರ್ತಿ ಆಗಿರುವುದರಿಂದ ಈ ತಕರಾರು ಕಡಿಮೆಯಾಗಿದೆ.

ಐದನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ವಾದ ಎಬ್ಬಿಸಿದ ಪಾಠದಲ್ಲಿ ಎದುರಾದದ್ದು ಅದೇ.

ಆ ಪ್ರಶಿಕ್ಷಣಾರ್ಥಿ ವಿಜ್ಞಾನ ವಿಧಾನದವರು, ಶ್ರದ್ಧೆಯಿಂದ ತಯಾರಾಗಿ ಬರುವವರು. ನಲವತ್ತು ನಿಮಿಷದ ಪಾಠ. ತೊಡಗಿಸಿಕೊಳ್ಳುವಿಕೆಯಿಂದ ಮೌಲ್ಯಮಾಪನದವರೆಗೆ ಐದು ಹಂತಗಳನ್ನೂ ಪಾಠಯೋಜನೆಯಲ್ಲಿ ನಿಮಿಷ ಸಮೇತ ಬರೆದಿದ್ದರು. ಹಿಂದಿನ ದಿನ ಅದೇ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ನುಡಿಸಿ ನೋಡಿದ್ದರು. ತರಗತಿಯಲ್ಲಿ ಐವತ್ತರ ಹತ್ತಿರ ಮಕ್ಕಳು, ಲ್ಯಾಪ್‌ಟಾಪಿನ ಸದ್ದು ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ ಎಂದು ಬೆಳಿಗ್ಗೆ ಗೆಳತಿಯಿಂದ ಒಂದು ಬ್ಲೂಟೂತ್ ಸ್ಪೀಕರ್ ತಂದು ಜೋಡಿಸಿದರು. ಹಿಂದಿನ ಬೆಂಚಿನ ಮಗುವಿಗೂ ಕೇಳಿಸಬೇಕು ಎಂಬುದು ನಾವೇ ಕಲಿಸಿದ ಪಾಠ. ಸೋನಿಕ್ ಪೈ ತೆರೆದರೆ ಇಂಜಿನ್ ಏಳಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಉದ್ದನೆಯ ವರದಿ ಬಂತು. ಅವಲೋಕನಕ್ಕೆ ಹಿಂದೆ ಕೂತಿದ್ದವರು ನಾನು ಮತ್ತು ಗಣಿತ ವಿಧಾನದ ಹಿರಿಯ ಸಹೋದ್ಯೋಗಿ.

ಆಕೆ ಒಂದು ಕ್ಷಣ ನಿಂತರು. ಆಮೇಲೆ ಮಕ್ಕಳ ಕಡೆ ತಿರುಗಿ, "ನೋಡಿ, ಇದರಿಂದ ಸದ್ದು ಹೊರಡ್ತಿಲ್ಲ. ಎಲ್ಲಿ ನಿಂತಿದೆ ಅಂತ ಹುಡುಕೋಣ. ಐದು ನಿಮಿಷ ಮಾತ್ರ. ಅಷ್ಟರಲ್ಲಿ ಸಿಗಲಿಲ್ಲ ಅಂದ್ರೆ ಬೇರೆ ರೀತಿ ಪಾಠ ಮಾಡೋಣ" ಎಂದರು. ಕಪ್ಪುಹಲಗೆಯ ಮೇಲೆ ನಾಲ್ಕು ಚೌಕ ಬರೆದು, ಅವುಗಳ ನಡುವೆ ಬಾಣ ಹಾಕಿದರು. ಒಬ್ಬ ಹುಡುಗನಿಗೆ ಗಡಿಯಾರ ನೋಡುವ ಕೆಲಸ ಕೊಟ್ಟರು. ಲ್ಯಾಪ್‌ಟಾಪಿನಲ್ಲಿದ್ದ ಒಂದು ಹಾಡನ್ನು ನುಡಿಸಿದರು. ಬ್ಲೂಟೂತ್ ಸ್ಪೀಕರಿನಿಂದ ಹಾಡು ಬಂತು. "ಹಾಗಾದ್ರೆ ಯಾವ ಚೌಕ ಸರಿ ಇದೆ?" ಎಂದು ಕೇಳಿದರು. ಮಕ್ಕಳು ಕೊನೆಯ ಎರಡನ್ನೂ ಸರಿ ಎಂದರು. ಆಕೆ ಆ ಎರಡಕ್ಕೂ ಗುರುತು ಹಾಕಿದರು. ಉಳಿದದ್ದು ಇಂಜಿನ್ ಮತ್ತು ಬರೆದ ಸಾಲು. ಸಾಲನ್ನು ಇನ್ನೂ ಬರೆದೇ ಇರಲಿಲ್ಲ. ಆಮೇಲೆ ವರದಿಯನ್ನು ಕೆಳಗೆ ಸರಿಸುತ್ತ, ಸಂಖ್ಯೆಗಳಿರುವ ಸಾಲನ್ನು ಹುಡುಕಿ ಗಟ್ಟಿಯಾಗಿ ಓದಿದರು. ಒಳಬರುವ ಶಬ್ದಕ್ಕೆ ಒಂದು ದರ, ಹೊರಹೋಗುವ ಶಬ್ದಕ್ಕೆ ಇನ್ನೊಂದು ದರ. ಎರಡೂ ಹೊಂದುವುದಿಲ್ಲ ಎಂಬ ಅರ್ಥದ ಸಾಲು ಅದು.

ಮಧ್ಯದ ಬೆಂಚಿನ ಒಬ್ಬ ಹುಡುಗಿ ಎದ್ದು ಕೇಳಿದಳು: "ಮಿಸ್, ನಾವು ಮೈಕಲ್ಲಿ ಏನೂ ಮಾತಾಡ್ತಿಲ್ಲವಲ್ಲ, ಅದಕ್ಕೆ ಒಳಗೆ ಬರೋ ಶಬ್ದ ಯಾಕೆ ಬೇಕು?"

ಅವಲೋಕನ ಪುಸ್ತಕದಲ್ಲಿ ನಾನು ಈ ಪ್ರಶ್ನೆಯನ್ನು ಹಾಗೆಯೇ ಬರೆದುಕೊಂಡೆ. ಇಡೀ ಅಡಚಣೆಯ ಮರ್ಮ ಅದರಲ್ಲೇ ಇತ್ತು. ಇಂಜಿನ್ ಏಳುವಾಗ ಸ್ಪೀಕರಿನ ಜೊತೆಗೆ ಮೈಕನ್ನೂ ಹಿಡಿಯುತ್ತದೆ, ನಮಗೆ ಬೇಕಿರಲಿ ಬೇಡದಿರಲಿ. ಆ ಬ್ಲೂಟೂತ್ ಸ್ಪೀಕರಿನಲ್ಲಿ ಫೋನ್ ಕರೆಗೆಂದು ಒಂದು ಪುಟ್ಟ ಮೈಕ್ ಇತ್ತು. ಸ್ಪೀಕರ್ ಜೋಡಿಸಿದಾಗ ಕಂಪ್ಯೂಟರ್ ಆ ಮೈಕನ್ನೇ ತನ್ನ ಮುಖ್ಯ ಮೈಕ್ ಮಾಡಿಕೊಂಡಿತ್ತು.

ಇಲ್ಲಿ ದರ ಎಂದರೆ ಏನು? ಕಂಪ್ಯೂಟರ್ ಶಬ್ದವನ್ನು ನಿರಂತರ ತರಂಗವಾಗಿ ಇಟ್ಟುಕೊಳ್ಳುವುದಿಲ್ಲ. ಒಂದು ಸೆಕೆಂಡಿನಲ್ಲಿ ಇಷ್ಟು ಬಾರಿ ಎಂದು ಅಳೆದು ಸಂಖ್ಯೆಗಳಾಗಿ ಇಡುತ್ತದೆ. ಸಿಡಿಯಲ್ಲಿ ಸೆಕೆಂಡಿಗೆ 44,100 ಅಳತೆ; ವಿಡಿಯೊಗಳಲ್ಲಿ ಸಾಮಾನ್ಯವಾಗಿ 48,000. ಬ್ಲೂಟೂತ್ ಸಾಧನ ಫೋನ್ ಕರೆಯ ರೀತಿಯಲ್ಲಿ ಮೈಕ್ ಬಳಸುವಾಗ ಇದು 8,000ಕ್ಕೋ 16,000ಕ್ಕೋ ಇಳಿಯುತ್ತದೆ. ಇಂಜಿನ್ ಕೆಲಸ ಮಾಡುವುದು ಒಂದೇ ಲಯದಲ್ಲಿ. ಒಳಗಿನಿಂದ ಒಂದು ಲಯ, ಹೊರಗೆ ಇನ್ನೊಂದು ಲಯ ಎಂದರೆ, ಹಾಡುವವರದು ಒಂದು ಕಾಲ, ಮೃದಂಗದವರದು ಇನ್ನೊಂದು ಕಾಲ ಆದಂತೆ. ಕಚೇರಿ ಕೆಡಿಸುವುದಕ್ಕಿಂತ ಶುರುಮಾಡದಿರುವುದೇ ಮೇಲು ಎಂದು ಇಂಜಿನ್ ಏಳದೆ ಕೂರುತ್ತದೆ.

ಪರಿಹಾರಕ್ಕೆ ಮೂರು ದಾರಿಗಳಿವೆ. ಬ್ಲೂಟೂತ್ ಸಾಧನವನ್ನು ಬಿಡಿಸಿ ಲ್ಯಾಪ್‌ಟಾಪಿನ ಸ್ವಂತ ಮೈಕ್, ಸ್ಪೀಕರುಗಳಿಗೆ ಮರಳುವುದು ಒಂದು. ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ ಪ್ಲೇಬ್ಯಾಕ್ ಮತ್ತು ರೆಕಾರ್ಡಿಂಗ್ ಎರಡೂ ಕಡೆ, ಪ್ರಾಪರ್ಟೀಸಿನ ಅಡ್ವಾನ್ಸ್ಡ್ ಪುಟದಲ್ಲಿ, ಒಂದೇ ದರವನ್ನು ಆರಿಸುವುದು ಇನ್ನೊಂದು. ಆದರೆ ಮೈಕ್‌ಗೆ ಆ ದರ ಸಾಧ್ಯವಿರಬೇಕು. ಮೈಕ್ ಬೇಡವೆಂದು ಇಂಜಿನ್‌ಗೆ ಮೊದಲೇ ಹೇಳಿಬಿಡುವುದು ಮೂರನೆಯದು. ಸೂಪರ್‌ಕೊಲೈಡರಿನಲ್ಲಿ ಒಳಬರುವ ಚಾನೆಲ್ಲುಗಳ ಸಂಖ್ಯೆಯನ್ನು 0 ಎಂದು ಬರೆದು ಇಂಜಿನ್ ಎಬ್ಬಿಸಿದರೆ ಸಾಕು. ಆ ಹುಡುಗಿಯ ಪ್ರಶ್ನೆ ತೋರಿಸಿದ್ದು ಈ ಮೂರನೆಯ ದಾರಿಯನ್ನು.

ತರಗತಿಯಲ್ಲಿ ಪ್ರಶಿಕ್ಷಣಾರ್ಥಿ ಹಿಡಿದದ್ದು ಮೊದಲನೆಯ ದಾರಿ. ಸ್ಪೀಕರ್ ಬಿಡಿಸಿ ಸೋನಿಕ್ ಪೈಯನ್ನು ಮತ್ತೆ ತೆರೆದರು. ಗಡಿಯಾರದ ಹುಡುಗ ನಾಲ್ಕು ನಿಮಿಷ ಎಂದ. ಮೊದಲ 'ಪ್ಲೇ 60' ಕೇಳಿಸಿದಾಗ ಮಕ್ಕಳು ಚಪ್ಪಾಳೆ ಹೊಡೆದರು. ಸದ್ದು ಸಣ್ಣದಾದ್ದರಿಂದ ಮಕ್ಕಳನ್ನು ಎರಡು ಗುಂಪು ಮಾಡಿ ಮೇಜಿನ ಸುತ್ತ ಸೇರಿಸಬೇಕಾಯಿತು. ಅದಕ್ಕೆ ಮತ್ತಷ್ಟು ಸಮಯ ಹೋಯಿತು. ಆವೃತ್ತಿ ಎರಡರಷ್ಟಾದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳಿಸುತ್ತದೆ ಎಂಬುದನ್ನು ಮಕ್ಕಳೇ ಹೇಳಿದರು, ಸ್ಕೋಪಿನಲ್ಲಿ ಅಲೆಗಳು ಒತ್ತೊತ್ತಾದದ್ದನ್ನು ತೋರಿಸಿದರು. ಮೌಲ್ಯಮಾಪನದ ಹಂತಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು.

ಸಂಜೆ ಅಂಕ ಹಾಕುವಾಗ ಸಹೋದ್ಯೋಗಿ ತಮ್ಮ ನಿಲುವನ್ನು ಮರೆಮಾಚಲಿಲ್ಲ. "ಉಪಕರಣ ಕೆಲಸ ಮಾಡಲಿಲ್ಲ, ಪಾಠ ಮುಗಿಯಲಿಲ್ಲ. ಪೂರ್ವಸಿದ್ಧತೆ ಸಾಲದು ಅಂತಲೇ ಅರ್ಥ. ಮಕ್ಕಳ ನಲವತ್ತು ನಿಮಿಷ ಮುಖ್ಯ, ನಮ್ಮ ಕಂಪ್ಯೂಟರ್ ಅಲ್ಲ" ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ಮೂವತ್ತು ವರ್ಷ ಸೀಮೆಸುಣ್ಣ ಒಂದರಲ್ಲೇ ಜ್ಯಾಮಿತಿ ಕಲಿಸಿದವರು ಅವರು. ತಂತ್ರಜ್ಞಾನದ ಹೆಸರಿನಲ್ಲಿ ಅರ್ಧ ಅವಧಿ ತಂತಿ ಜೋಡಿಸುವುದರಲ್ಲಿ ಕಳೆದ ಎಷ್ಟೋ ಪಾಠಗಳನ್ನು ಇಬ್ಬರೂ ನೋಡಿದ್ದೇವೆ. ಸ್ಪೀಕರ್ ಜೋಡಿಸಿದ ಮೇಲೆ ತರಗತಿಯಲ್ಲೇ ಒಮ್ಮೆ ಪರೀಕ್ಷಿಸಿದ್ದರೆ ಆ ನಾಲ್ಕು ನಿಮಿಷ ಉಳಿಯುತ್ತಿತ್ತು ಎಂಬುದೂ ನಿಜ.

ನಾನು ಎರಡು ಅಂಶಗಳನ್ನು ಮುಂದಿಟ್ಟೆ. ಮೊದಲನೆಯದು, ಆ ನಾಲ್ಕು ನಿಮಿಷದಲ್ಲಿ ನಡೆದದ್ದು ವಿಜ್ಞಾನದ ಪಾಠವೇ. ಒಂದು ವ್ಯವಸ್ಥೆಯನ್ನು ಭಾಗಗಳಾಗಿ ಬಿಡಿಸುವುದು, ಒಂದೊಂದನ್ನೇ ಪರೀಕ್ಷಿಸುವುದು, ಒಮ್ಮೆಗೆ ಒಂದನ್ನೇ ಬದಲಿಸುವುದು, ಸಿಕ್ಕ ಸಾಕ್ಷ್ಯದಿಂದ ಜಾಗ ಗುರುತಿಸುವುದು. ಪಾಠಯೋಜನೆಯ ಉದ್ದೇಶಗಳಲ್ಲಿ 'ವೈಜ್ಞಾನಿಕ ಮನೋಭಾವ' ಎಂದು ನಾವು ಪ್ರತಿಸಲವೂ ಬರೆಸುತ್ತೇವೆ. ಅದು ಕಣ್ಣಿಗೆ ಕಂಡ ಪಾಠಗಳು ಕಡಿಮೆ. ಎರಡನೆಯದು, ಅಡಚಣೆ ಪಾಠದ ವಿಷಯಕ್ಕೇ ಸೇರಿದ್ದಾಗಿತ್ತು. ಅದೇ ಘಟಕದಲ್ಲಿ ಮನುಷ್ಯನ ಶ್ರವ್ಯ ವ್ಯಾಪ್ತಿ 20 ಹರ್ಟ್ಸ್‌ನಿಂದ 20,000 ಹರ್ಟ್ಸ್ ಎಂದು ಬರುತ್ತದೆ. ಒಂದು ಆವೃತ್ತಿಯನ್ನು ಸರಿಯಾಗಿ ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆಯಬೇಕು. 20,000ದ ಎರಡರಷ್ಟು 40,000; ಸಿಡಿಯ 44,100 ಅದಕ್ಕಿಂತ ಸ್ವಲ್ಪ ಮೇಲಿದೆ. 8,000 ಬಾರಿ ಅಳೆಯುವ ಮೈಕ್ 4,000 ಹರ್ಟ್ಸ್‌ಗಿಂತ ಮೇಲಿನದನ್ನು ಹಿಡಿಯಲಾರದು. ಫೋನಿನಲ್ಲಿ 'ಸ' ಮತ್ತು 'ಫ' ಒಂದೇ ಥರ ಕೇಳಿಸುವುದು ಇದರಿಂದಲೇ. ಪಠ್ಯದ ಒಂದು ಸಂಖ್ಯೆಗೆ ಇಷ್ಟು ಹತ್ತಿರದ ಉದಾಹರಣೆ ಹುಡುಕಿದರೂ ಸಿಗುವುದಿಲ್ಲ.

ಸಹೋದ್ಯೋಗಿ ಕೇಳಿದರು: "ಹಾಗಾದರೆ ಉಪಕರಣ ಕೆಡುವುದೇ ಒಳ್ಳೆಯದು ಅಂತೀರಾ?" ಇಲ್ಲ, ಹಾಗಲ್ಲ. ಕೆಡದಿರಲು ಮಾಡುವ ತಯಾರಿಗೆ ಒಂದು ಅಂಕ, ಕೆಟ್ಟಾಗ ನಡೆದುಕೊಳ್ಳುವ ರೀತಿಗೆ ಇನ್ನೊಂದು ಅಂಕ ಇರಬೇಕು ಎಂಬುದಷ್ಟೇ ನನ್ನ ವಾದ. ಎರಡನ್ನೂ ಒಂದೇ ಅಂಕಣದಲ್ಲಿ ಹಾಕಿದರೆ, ಸದ್ದು ಬಾರದಾಗ ಬೆವೆತು, ಮಕ್ಕಳಿಗೆ ಬೆನ್ನು ಹಾಕಿ ಹತ್ತು ನಿಮಿಷ ಮೌಸ್ ಒತ್ತುತ್ತ ನಿಂತವರಿಗೂ, ಹೀಗೆ ನಾಲ್ಕು ಚೌಕ ಬರೆದವರಿಗೂ ಒಂದೇ ಅಂಕ ಬೀಳುತ್ತದೆ. ಇವರಿಬ್ಬರಲ್ಲಿ ವ್ಯತ್ಯಾಸ ಕಾಣದ ನಮೂನೆಯಿಂದ ಉಳಿದ ಪ್ರಶಿಕ್ಷಣಾರ್ಥಿಗಳು ಕಲಿಯುವುದು ಒಂದನ್ನೇ: ಕೆಡಬಹುದಾದದ್ದನ್ನು ತರಗತಿಗೆ ತರಬೇಡ.

ಆ ದಿನ ನಮ್ಮಿಬ್ಬರ ಅಂಕಗಳು ಬೇರೆಬೇರೆಯಾಗಿಯೇ ಉಳಿದವು. ನಿಯಮದಂತೆ ಸರಾಸರಿ ಹಾಕಿದೆವು. ಪ್ರಶಿಕ್ಷಣಾರ್ಥಿಗೆ ಸಮಯ ನಿರ್ವಹಣೆಯಲ್ಲಿ ಅಂಕ ಕಡಿಮೆ ಬಂತು, ಅದನ್ನು ಅವರು ಒಪ್ಪಿಕೊಂಡರು. ಆದರೆ ಮರುವಾರ ವಿಧಾನ ಅಧ್ಯಾಪಕರೆಲ್ಲರೂ ಕೂತು ಚರ್ಚಿಸಿದಾಗ, ಅವಲೋಕನ ನಮೂನೆಗೆ ಒಂದು ಸಾಲು ಸೇರಿತು: 'ಅನಿರೀಕ್ಷಿತ ಅಡಚಣೆಯ ನಿರ್ವಹಣೆ'. ಆ ಸಾಲಿನ ಪದಗಳನ್ನು ಸೂಚಿಸಿದವರು ಅದೇ ಗಣಿತದ ಸಹೋದ್ಯೋಗಿ. ಜೊತೆಗೆ ಅವರು ಒಂದು ಷರತ್ತನ್ನೂ ಸೇರಿಸಿದರು. ಅಡಚಣೆಯ ಹುಡುಕಾಟಕ್ಕೆ ಐದು ನಿಮಿಷದ ಮಿತಿ; ಆಮೇಲೆ ಉಪಕರಣವನ್ನು ಬದಿಗಿಟ್ಟು ಪಾಠ ಮುಂದುವರಿಯಬೇಕು. ಅದಕ್ಕೆ ಬೇಕಾದ ಬದಲಿ ಸಾಮಗ್ರಿ ಚೀಲದಲ್ಲಿರಬೇಕು, ಪಾಠಯೋಜನೆಯಲ್ಲಿ ನಮೂದಾಗಿರಬೇಕು. ಶಬ್ದದ ಪಾಠಕ್ಕೆ ಎರಡು ರಬ್ಬರ್ ಬ್ಯಾಂಡ್, ಒಂದು ಉಕ್ಕಿನ ಅಳತೆಪಟ್ಟಿ ಸಾಕು. ಅಳತೆಪಟ್ಟಿಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಮೀಟಿ, ಹೊರಚಾಚಿದ ಭಾಗವನ್ನು ಕಡಿಮೆ ಮಾಡುತ್ತ ಹೋದರೆ ಸ್ಥಾಯಿ ಏರುವುದು ಕೇಳಿಸುತ್ತದೆ. ಅದಕ್ಕೆ ಇಂಜಿನ್ ಬೇಕಿಲ್ಲ.

ಈ ಅನುಭವದಿಂದ ನಮ್ಮ ಗುಂಪಿನಲ್ಲಿ ಮೂರು ರೂಢಿಗಳು ನಿಂತಿವೆ. ಪಾಠದ ಹಿಂದಿನ ದಿನದ ಪರೀಕ್ಷೆಯನ್ನು ಪಾಠ ನಡೆಯುವ ಕೊಠಡಿಯಲ್ಲೇ, ಅಂದು ಬಳಸುವ ಪ್ರೊಜೆಕ್ಟರ್, ಅಂದು ಬಳಸುವ ಸ್ಪೀಕರಿನ ಜೊತೆಯಲ್ಲೇ ಮಾಡುತ್ತಾರೆ. ಹಾಸ್ಟೆಲಿನಲ್ಲಿ ಸದ್ದು ಬಂದದ್ದು ಹಾಸ್ಟೆಲಿನ ಸಾಧನಗಳ ಬಗ್ಗೆ ಮಾತ್ರ ಹೇಳುತ್ತದೆ. ಸ್ಪೀಕರಿಗೆ ಸಾಧ್ಯವಾದಷ್ಟೂ ತಂತಿಯ ಜೋಡಣೆಯನ್ನೇ ಬಳಸುತ್ತಾರೆ. ಪ್ರತಿ ಅಡಚಣೆ ಮುಗಿದ ಮೇಲೆ ಒಂದು ಸಾಮಾನ್ಯ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯುತ್ತಾರೆ: ಏನು ಕಂಡಿತು, ಎಲ್ಲಿ ನಿಂತಿತ್ತು, ಏನನ್ನು ಬದಲಿಸಿದೆವು, ಆಮೇಲೆ ಏನಾಯಿತು. ಅವಧಿ ಉಳಿಸಲು ತರಗತಿಯಲ್ಲಿ ಕಂಪ್ಯೂಟರನ್ನು ಮುಚ್ಚಿ ತೆರೆಯುವುದು ತಪ್ಪಲ್ಲ. ಆದರೆ ಕಾರಣ ಸಿಗದೆ ಸರಿಹೋದದ್ದು ಮುಂದಿನ ಪಾಠದಲ್ಲಿ ಮತ್ತೆ ಎದುರು ನಿಲ್ಲುತ್ತದೆ. ಹಾಗಾಗಿ ಸಂಜೆ ಕೂತು ಕಾರಣ ಹುಡುಕಬೇಕು. ಸೋನಿಕ್ ಪೈ ತನ್ನ ಲಾಗ್ ಕಡತಗಳನ್ನು ಬಳಕೆದಾರರ ಮುಖ್ಯ ಫೋಲ್ಡರಿನಲ್ಲಿ ಉಳಿಸಿಡುತ್ತದೆ, ಅವುಗಳಲ್ಲಿ ಇಂಜಿನ್ನಿನ ಮಾತು ಬೇರೆಯಾಗಿ ಇರುತ್ತದೆ. ಸಂಜೆ ಅದನ್ನು ಓದಬಹುದು.

ಇನ್ನೊಂದು ಕೆಲಸ ನಡೆಯುತ್ತಿದೆ. ಈ ಸಂದೇಶಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತವೆ. ಕನ್ನಡ ಮಾಧ್ಯಮದ ಮಕ್ಕಳು ಪರದೆಯ ಮೇಲೆ ಕೆಂಪು ಅಕ್ಷರ ಕಂಡರೆ ಓದದೆಯೇ ಕೈಬಿಡುತ್ತಾರೆ. ನಮ್ಮ ಕೆಲವು ಪ್ರಶಿಕ್ಷಣಾರ್ಥಿಗಳೂ ಅಷ್ಟೇ. ಹಾಗಾಗಿ ಈ ವರ್ಷದ ತಂಡ ಒಂದು ಚಾರ್ಟ್ ಮಾಡುತ್ತಿದೆ. ಎಡಗಡೆ ಯಂತ್ರ ಹೇಳುವ ಸಾಲು, ನಡುವೆ ಅದರ ಅರ್ಥ ಸರಳ ಕನ್ನಡದಲ್ಲಿ, ಬಲಗಡೆ ಯಾವ ಚೌಕವನ್ನು ನೋಡಬೇಕು ಎಂಬ ಗುರುತು. 'ಸರ್ವರ್ ಓಡುತ್ತಿಲ್ಲ', 'ಬಾಗಿಲು ಬೇರೆಯವರ ಕೈಯಲ್ಲಿದೆ', 'ಒಳದರ ಹೊರದರ ಹೊಂದುವುದಿಲ್ಲ', 'ಸಾಧನ ಬಿಡುವಿಲ್ಲ'. ಪದಗಳನ್ನು ಆರಿಸುವಾಗ ಬಹಳ ಚರ್ಚೆಯಾಯಿತು. ಒಬ್ಬರು ಪದಕೋಶದ ಸಂಸ್ಕೃತ ಪದಗಳನ್ನು ತಂದರು, ಇನ್ನೊಬ್ಬರು ಮಕ್ಕಳು ಆಡುವ ಮಾತೇ ಇರಲಿ ಎಂದರು. ಎಂಟನೆಯ ತರಗತಿಯ ಮಕ್ಕಳಿಗೆ ತೋರಿಸಿ ಅವರಿಗೆ ತಿಳಿದದ್ದನ್ನು ಉಳಿಸಿಕೊಂಡೆವು.

ಮೈಕಿನ ಪ್ರಶ್ನೆ ಕೇಳಿದ ಹುಡುಗಿಯ ಶಾಲೆಗೆ ಚಾರ್ಟಿನ ಮೊದಲ ಪ್ರತಿ ಹೋಗುತ್ತದೆ. ಅದನ್ನು ಬರೆಯುತ್ತಿರುವುದೂ ಡ್ರಾಯಿಂಗ್ ಶೀಟಿನ ಮೇಲೇ, ಸ್ಕೆಚ್ ಪೆನ್ನಿನಲ್ಲೇ. ಕೆಳಗೆ ಎರಡು ಸಾಲು ಖಾಲಿ ಬಿಟ್ಟಿದ್ದೇವೆ. ಮುಂದಿನ ಪಾಠದಲ್ಲಿ ನಾವು ಕಾಣದ ಆರನೆಯ ಅಡಚಣೆ ಬಂದರೆ ಮಕ್ಕಳೇ ತುಂಬಿಕೊಳ್ಳಲಿ ಎಂದು.